ಓದುಗರ ಪ್ರಶ್ನೆ: ಕಲ್ಲು ನೆನೆಯಲಿ, ಲೆನ್ಸ್ ನೆನೆಯದಿರಲಿ

ಮಳೆಯಲ್ಲಿ ಪ್ರಾಚೀನ ಸ್ಮಾರಕಗಳ ಫೋಟೊ ತೆಗೆಯುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿಯ ಪುಟ ಮೀಸಲು. ಒಂದೇ ಅರ್ಥದವನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಮಳೆ ನಿಂತ ಕೂಡಲೇ ಉಬ್ಬುಶಿಲ್ಪಗಳಿರುವ ಗೋಡೆಯ ಫೋಟೊ ತೆಗೆದೆ. ಕಣ್ಣಿಗೆ ಕಲ್ಲು ಕಡುಬಣ್ಣದಲ್ಲಿ ಎಷ್ಟು ಚೆನ್ನಾಗಿತ್ತು! ಫೋಟೊದಲ್ಲಿ ಮಾತ್ರ ಅಲ್ಲಲ್ಲಿ ಬಿಳಿ ತೇಪೆ ಹಾಕಿದಂತಿದೆ. ಏನು ತಪ್ಪಾಯಿತು?

ಉತ್ತರ: ಆ ತೇಪೆಗಳು ಮೋಡದ ಪ್ರತಿಬಿಂಬ. ಒಣಗಿದ ಕಲ್ಲಿನ ಒರಟು ಮೈ ಬಿದ್ದ ಬೆಳಕನ್ನು ನಾಲ್ಕೂ ದಿಕ್ಕಿಗೆ ಚೆದುರಿಸುತ್ತದೆ, ಅದರಿಂದಲೇ ಬಣ್ಣ ಮಾಸಿದಂತೆ ಕಾಣುವುದು. ನೀರು ಆ ಸಣ್ಣ ತೂತುಗಳನ್ನು ತುಂಬಿದಾಗ ಚೆದುರುವುದು ಕಡಿಮೆಯಾಗಿ ಹೆಚ್ಚು ಬೆಳಕು ಕಲ್ಲಿನೊಳಗೇ ಇಳಿದುಹೋಗುತ್ತದೆ. ಬಣ್ಣ ಗಾಢವಾಗುತ್ತದೆ. ಆದರೆ ಮೇಲೆ ನಿಂತ ನೀರಿನ ಪೊರೆ ಅದೇ ಹೊತ್ತಿಗೆ ಕನ್ನಡಿಯೂ ಆಗಿರುತ್ತದೆ. ನಾವು ತಲೆ ಅತ್ತಿತ್ತ ಆಡಿಸುತ್ತ ಎರಡು ಕಣ್ಣಿನಿಂದ ನೋಡುವುದರಿಂದ ಹೊಳಪು ಬೇರೆ, ಕಲ್ಲು ಬೇರೆ ಎಂದು ಗೊತ್ತಾಗುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು.

ಇದಕ್ಕೆ ಬೇಕಾದದ್ದು ಸಿಪಿಎಲ್, ಅಂದರೆ ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪು ತಡೆಯುವ ಪೋಲರೈಸರ್ ಫಿಲ್ಟರ್. ಮಳೆಗಾಲಕ್ಕೆ ಒಂದೇ ಫಿಲ್ಟರ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಹಾಕಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ನಿಲ್ಲುವ ಜಾಗವೂ ಸರಿಯಿರಬೇಕು. ಗೋಡೆಗೆ ನೇರ ಎದುರು ನಿಂತರೆ ಫಿಲ್ಟರ್ ಎಷ್ಟು ತಿರುಗಿಸಿದರೂ ಹೊಳಪು ಅಲ್ಲೇ ಇರುತ್ತದೆ. ನೀರಿನ ಮೈಗೂ ನಿಮ್ಮ ನೋಟಕ್ಕೂ ಸುಮಾರು 37 ಡಿಗ್ರಿ ಕೋನ ಇದ್ದಾಗ ಅದು ಹೆಚ್ಚುಕಡಿಮೆ ಪೂರ್ತಿ ಅಳಿಯುತ್ತದೆ. ಹಾಗಾಗಿ ಗೋಡೆಯ ಒಂದು ಪಕ್ಕಕ್ಕೆ ಸರಿದು ಓರೆಯಾಗಿ ನಿಂತು, ಫಿಲ್ಟರಿನ ಹೊರಬಳೆಯನ್ನು ನಿಧಾನಕ್ಕೆ ತಿರುಗಿಸಿ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನ ಇದರಲ್ಲಿ ಎಡವುತ್ತಾರೆ. ನೆಲದ ಹೊಳಪು ಅಳಿಯುವ ಸ್ಥಾನ ಒಂದು, ಲಂಬವಾದ ಗೋಡೆಯ ಹೊಳಪು ಅಳಿಯುವ ಸ್ಥಾನ ಅದಕ್ಕಿಂತ ಕಾಲು ಸುತ್ತು ಆಚೆ. ಎರಡನ್ನೂ ಒಂದೇ ಫೋಟೊದಲ್ಲಿ ಅಳಿಸಲಾಗುವುದಿಲ್ಲ. ಶಿಲ್ಪ ಮುಖ್ಯವೋ ನೆಲಹಾಸು ಮುಖ್ಯವೋ ತೀರ್ಮಾನಿಸಿಕೊಳ್ಳಿ. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದಾಗಲೂ ಫಿಲ್ಟರ್ ಜತೆಗೇ ಕಾಲು ಸುತ್ತು ತಿರುಗಿಬಿಟ್ಟಿರುತ್ತದೆ, ಮತ್ತೆ ಹೊಂದಿಸಬೇಕು.

ಈ ಫಿಲ್ಟರ್ 1ರಿಂದ 2 ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). 1/125 ಸೆಕೆಂಡಿನಲ್ಲಿ ಸಿಗುತ್ತಿದ್ದ ಫೋಟೊಗೆ 1/30 ಸೆಕೆಂಡ್ ಬೇಕಾಗಬಹುದು, ಕೈ ನಡುಗುವವರು ಬೆಳಕಿನ ಸಂವೇದನೆಯ ಸೆಟ್ಟಿಂಗ್ ಆದ ಐಎಸ್‌ಒ ಏರಿಸಿಕೊಳ್ಳಿ. ಯುವಿ ಫಿಲ್ಟರಿನ ಮೇಲೆ ಇದನ್ನು ಪೇರಿಸಬೇಡಿ, ಅಗಲ ನೋಟದ ಲೆನ್ಸಿನಲ್ಲಿ ನಾಲ್ಕೂ ಮೂಲೆ ಕಪ್ಪಾಗುತ್ತದೆ. ಹೊಳಪನ್ನು ಪೂರ್ತಿ ತೆಗೆದುಬಿಟ್ಟರೆ ಕಲ್ಲು ನೆನೆದದ್ದೇ ಗೊತ್ತಾಗುವುದಿಲ್ಲ, ಶಿಲ್ಪದ ಉಬ್ಬೂ ಚಪ್ಪಟೆಯಾಗುತ್ತದೆ. ಪೂರ್ತಿ ಅಳಿಯುವ ಜಾಗಕ್ಕೆ ಹೋಗಿ, ಅಲ್ಲಿಂದ ಚೂರು ಹಿಂದಕ್ಕೆ ತಿರುಗಿಸುವುದು ನಮಗೆ ಇಷ್ಟ.

ಪ್ರಶ್ನೆ: ಧಾರಾಕಾರ ಮಳೆಯಲ್ಲೇ ನಿಂತು ತೆಗೆದರೂ ಫೋಟೊದಲ್ಲಿ ಮಳೆಯೇ ಕಾಣುತ್ತಿಲ್ಲ!

ಉತ್ತರ: ಕಾಣದೇ ಇರುವುದಕ್ಕೆ ಎರಡು ಕಾರಣ: ಶಟರ್ ವೇಗ (ಬೆಳಕು ಒಳಬರಲು ಶಟರ್ ತೆರೆದಿರುವ ಹೊತ್ತು), ಹಿನ್ನೆಲೆ.

2 ಮಿ.ಮೀ. ಗಾತ್ರದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ. ಶಟರ್ 1/1000 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಅದು ಇಳಿಯುವುದು ಆರೂವರೆ ಮಿಲಿಮೀಟರ್ ಮಾತ್ರ. ಫೋಟೊದಲ್ಲಿ ಧೂಳಿನ ಕಣದಂತೆ ಕಾಣುತ್ತದೆ, ಮಳೆ ಅನ್ನಿಸುವುದಿಲ್ಲ. 1/250ರಲ್ಲಿ ಎರಡೂವರೆ ಸೆಂಟಿಮೀಟರಿನ ಗೀಟು. 1/60ರಲ್ಲಿ ಸುಮಾರು 11 ಸೆಂ.ಮೀ. ಇಲ್ಲಿಗೆ ಮಳೆ ಎಳೆ ಎಳೆಯಾಗಿ ಕಾಣುತ್ತದೆ. 1/15ಕ್ಕೆ ಇಳಿಸಿದರೆ ಎಳೆ 40 ಸೆಂ.ಮೀ. ದಾಟುತ್ತದೆ, ಆದರೆ ಒಂದೇ ಹನಿಯ ಬೆಳಕು ಅಷ್ಟುದ್ದಕ್ಕೆ ಹರಡಿಕೊಂಡು ತೆಳುವಾಗಿ ಮಾಯವಾಗುತ್ತದೆ. ನೀವು ಇದ್ದದ್ದು ಬಹುಶಃ ಈ ಎರಡು ತುದಿಗಳಲ್ಲಿ ಒಂದರಲ್ಲಿ. 1/60ರಿಂದ 1/125ರ ನಡುವೆ ಪ್ರಯತ್ನಿಸಿ.

ಇನ್ನು ಹಿನ್ನೆಲೆ. ಬಿಳಿ ಆಕಾಶದ ಮುಂದೆ ಬಿಳಿ ಹನಿ ಕಾಣುವುದು ಹೇಗೆ? ಕತ್ತಲೆ ತುಂಬಿದ ಬಾಗಿಲು, ಮಂಟಪದ ಒಳಭಾಗ, ನೆನೆದು ಕಪ್ಪಾದ ಗೋಡೆ, ದಟ್ಟ ಮರ, ಇಂಥವು ಹಿಂದೆ ಬರುವಂತೆ ಚೌಕಟ್ಟು ಕಟ್ಟಿ. ಬೆಳಕು ಮಳೆಯ ಹಿಂಬದಿಯಿಂದ ಅಥವಾ ಓರೆಯಿಂದ ಬರುತ್ತಿದ್ದರೆ ಎಳೆಗಳು ಮಿನುಗುತ್ತವೆ. 85ರಿಂದ 135 ಮಿ.ಮೀ. ಲೆನ್ಸ್ ಇದಕ್ಕೆ ಅಗಲ ಲೆನ್ಸಿಗಿಂತ ಅನುಕೂಲ. ಆಟೊಫೋಕಸ್ ಹತ್ತಿರದ ಹನಿಗೆ ಜೋತುಬೀಳುವುದುಂಟು. ಕಟ್ಟಡಕ್ಕೆ ಒಮ್ಮೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿಬಿಡಿ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಬೇಡ. ಲೆನ್ಸಿಗೆ ಹತ್ತಿರದ ಹನಿಗಳೇ ಬೆಳಗಿ, ಚಿತ್ರದ ತುಂಬ ಬಟ್ಟಲಗಲದ ಬಿಳಿ ಚುಕ್ಕೆಗಳಾಗುತ್ತವೆ.

ಪ್ರಶ್ನೆ: ಮೋಡ ಕವಿದ ದಿನ ಒಂದು ಫೋಟೊದಲ್ಲಿ ಕಟ್ಟಡ ಇದ್ದಿಲಿನಂತೆ, ಮುಂದಿನದರಲ್ಲಿ ಬೂದಿಯಂತೆ. ಸೆಟ್ಟಿಂಗ್ ಏನೂ ಬದಲಿಸಿರಲಿಲ್ಲ.

ಉತ್ತರ: ಬದಲಾದದ್ದು ಚೌಕಟ್ಟಿನೊಳಗಿನ ಆಕಾಶದ ಪಾಲು. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಬೆಳ್ಳಗಿನ ಆಕಾಶ ಅರ್ಧ ತುಂಬಿದ್ದರೆ ಅದನ್ನು ಮಂಕಾಗಿಸಲು ಹೋಗಿ ಕಲ್ಲನ್ನು ಕಪ್ಪಾಗಿಸುತ್ತದೆ. ಬರೀ ನೆನೆದ ಕಲ್ಲೇ ತುಂಬಿದ್ದರೆ ಕಪ್ಪನ್ನು ಬೂದು ಮಾಡಲು ಬೆಳಕು ಸುರಿಯುತ್ತದೆ. ಆಕಾಶ ಹೆಚ್ಚಿದ್ದಾಗ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1, ನೆನೆದ ಕಲ್ಲು ಮಾತ್ರ ಇದ್ದಾಗ -2/3 ಇಟ್ಟು ಶುರುಮಾಡಿ, ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ತಿದ್ದಿಕೊಳ್ಳಿ. ಕಲ್ಲಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಇಂಡೊನೇಷ್ಯಾದ ಬೌದ್ಧ ಸ್ಮಾರಕ ಬೊರೊಬುದೂರ್‌ನ ಕಡುಬೂದಿ ಜ್ವಾಲಾಮುಖಿ ಶಿಲೆ ನೆನೆದರೆ ಕಪ್ಪಿಗೆ ಹತ್ತಿರ, ಅಲ್ಲಿ ಮೈನಸ್ ಬೇಕು. ಗ್ರೀಸಿನ ಪಾರ್ಥೆನಾನ್‌ನ ಅಮೃತಶಿಲೆ ಮೋಡದ ಬೆಳಕಿನಲ್ಲೂ ಬೆಳ್ಳಗೇ ಇರುತ್ತದೆ, ಅಲ್ಲಿ ಪ್ಲಸ್.

ಮಳೆ ದಿನದ ಬರಿಯ ಬಿಳಿ ಆಕಾಶದಿಂದ ಚಿತ್ರಕ್ಕೆ ಲಾಭವೇನೂ ಇಲ್ಲ. ಅದನ್ನು ಆದಷ್ಟು ಹೊರಗಿಡಿ, ಇಲ್ಲವೇ ಮೋಡದಲ್ಲಿ ಪದರ ಕಾಣುವವರೆಗೆ ಕಾಯಿರಿ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಒಂದೊಂದು ಫೋಟೊಗೆ ಒಂದೊಂದು ಬಣ್ಣ ಬರುತ್ತದೆ. ಕ್ಲೌಡಿಗೆ ಅಥವಾ 6500 ಕೆಲ್ವಿನ್‌ಗೆ ಕಟ್ಟಿಹಾಕಿ, ರಾ ಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲು ಬರುವ ಕಚ್ಚಾ ರೂಪದಲ್ಲಿ) ತೆಗೆಯಿರಿ. ಮರಗಳ ಕೆಳಗಿನ ಕಲ್ಲಿಗೆ ಎಲೆಯ ಹಸಿರು ಛಾಯೆ ಹತ್ತಿರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಟಿಂಟ್ ಸ್ಲೈಡರನ್ನು ಮಜೆಂಟಾ ಕಡೆಗೆ ಸ್ವಲ್ಪ ಸರಿಸಿ ತೆಗೆಯಬಹುದು.

ಪ್ರಶ್ನೆ: ಶಿಲಾಶಾಸನದ ಫೋಟೊ ತೆಗೆಯಲು ಮಳೆಗಾಲ ಸರಿಯಾದ ಕಾಲವೇ? ಹೋದ ಸಲ ಒಂದಕ್ಷರವೂ ಮೂಡಲಿಲ್ಲ. ಸೀಮೆಸುಣ್ಣ ಉಜ್ಜಿದರೆ ಕಾಣುತ್ತದೆ ಎಂದು ಜತೆಯಲ್ಲಿದ್ದವರು ಹೇಳಿದರು.

ಉತ್ತರ: ಸೀಮೆಸುಣ್ಣದ ಮಾತು ಮೊದಲು ಮುಗಿಸೋಣ: ಬೇಡ. ಹಿಟ್ಟು, ಎಣ್ಣೆಯೂ ಬೇಡ. ಪುಡಿ ಕಲ್ಲಿನ ತೂತುಗಳಲ್ಲಿ ಕೂತುಬಿಡುತ್ತದೆ, ಅದನ್ನು ತೆಗೆಯಲು ಉಜ್ಜಿದಾಗ ಅಕ್ಷರದ ಅಂಚು ಸವೆಯುತ್ತದೆ. ಪಾಚಿ, ಕಲ್ಲುಹೂವನ್ನು ನಾಣ್ಯದಿಂದಲೋ ಬ್ರಷ್ಷಿನಿಂದಲೋ ಕೆರೆಯುವುದೂ ಅಷ್ಟೇ ಕೆಟ್ಟದ್ದು, ಅದು ಕಲ್ಲಿನ ಕಣಗಳನ್ನು ಕಚ್ಚಿಕೊಂಡೇ ಬೆಳೆದಿರುತ್ತದೆ, ಕಿತ್ತರೆ ಅವೂ ಜತೆಗೆ ಬರುತ್ತವೆ. ಎಷ್ಟೋ ಕಡೆ ಇದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಪೂರ್ತಿ ನೆನೆದ ಶಾಸನ ಓದಲು ಆಗದೇ ಇರುವುದು ಸಹಜ. ಅಕ್ಷರದ ಕೊರೆತವೂ ಕಪ್ಪು, ಸುತ್ತಲಿನ ಮೈಯೂ ಕಪ್ಪು, ಮೇಲೆ ನೀರು ತುಂಬಿ ಅಂಚಿನ ನೆರಳೂ ಹೋಗಿರುತ್ತದೆ. ಆದರೆ ಮಳೆ ನಿಂತು ಕಲ್ಲು ಆರುವಾಗ ಏನಾಗುತ್ತದೆ ನೋಡಿ. ಗಾಳಿಗೆ ಒಡ್ಡಿಕೊಂಡ ಹೊರಮೈ ಮೊದಲು ಆರಿ ತಿಳಿಯಾಗುತ್ತದೆ, ಕೊರೆತದೊಳಗಿನ ತೇವ ಇನ್ನೂ ಇರುತ್ತದೆ. ತಿಳಿ ಹಲಗೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದ ಹಾಗೆ ಸಾಲುಗಳು ತಾವಾಗಿ ಮೇಲೆದ್ದು ಬರುತ್ತವೆ. ಬೇಸಗೆಯಲ್ಲಿ ಕಾಣದ ಅಕ್ಷರವೂ ಆಗ ಕಾಣಬಹುದು. ಮೇಲಿನ ಸಾಲು ಮೊದಲು, ನೀರು ಇಳಿದುಬಂದು ನಿಲ್ಲುವ ಕೆಳಗಿನ ಸಾಲು ಕೊನೆಗೆ.

ಇದು ಎಷ್ಟು ಹೊತ್ತಿಗೆ ಆಗುತ್ತದೆ ಎಂಬುದು ಗಾಳಿ, ಬಿಸಿಲು, ಕಲ್ಲನ್ನು ಅವಲಂಬಿಸಿದೆ. ಬಿಗಿಯಾದ ನಯಗಲ್ಲು ಬೇಗ ಆರುತ್ತದೆ. ಮರಳುಗಲ್ಲು ಒಳಗಿನ ತನಕ ನೀರು ಕುಡಿದಿರುವುದರಿಂದ ಗಂಟೆಗಟ್ಟಲೆ ತೇವವಾಗಿಯೇ ಇದ್ದು, ವ್ಯತ್ಯಾಸ ಅಷ್ಟು ಚೊಕ್ಕವಾಗಿ ಮೂಡುವುದಿಲ್ಲ. ಹಾಗಾಗಿ ಹೀಗೆ ಮಾಡಿ: ಅನುಮತಿ ಇದ್ದರೆ ಟ್ರೈಪಾಡ್ ಹಾಕಿ, ಲೆನ್ಸ್ ಶಾಸನದ ಮುಖಕ್ಕೆ ನೇರವಾಗಿರಲಿ, 50 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಲೆನ್ಸ್, ಎಫ್ 8 (ಲೆನ್ಸಿನ ಬಾಯಿಯ ಅಳತೆ), ಐಎಸ್‌ಒ 100 ಅಥವಾ 200. ಎರಡು ನಿಮಿಷಕ್ಕೊಂದು ಫೋಟೊ ತೆಗೆಯುತ್ತ ಹೋಗಿ. ಮನೆಗೆ ಬಂದು ನೋಡಿದರೆ ಮೇಲಿನ ಸಾಲುಗಳು ಒಂದರಲ್ಲಿ, ಕೆಳಗಿನವು ಇನ್ನೊಂದರಲ್ಲಿ ಸ್ಪಷ್ಟ ಇರುತ್ತವೆ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಕಲ್ಲಿಗೆ ಅಂಟಿಸಬೇಡಿ. ದೊಡ್ಡ ಶಾಸನವಾದರೆ ಇಡೀ ಕಲ್ಲಿನದೊಂದು, ಆಮೇಲೆ ಒಂದರ ಮೇಲೊಂದು ಮೂರನೇ ಒಂದು ಪಾಲು ಹೊದಿಯುವಂತೆ ಭಾಗಗಳು.

ಆ ಗಳಿಗೆ ತಪ್ಪಿಹೋದರೆ ಟಾರ್ಚ್ ಇದೆ. ಮೋಡದ ಬೆಳಕು ಎಲ್ಲ ಕಡೆಯಿಂದ ಬಂದು ನೆರಳನ್ನೇ ಕೊಲ್ಲುವುದರಿಂದ, ಒಂದು ಎಲ್‌ಇಡಿ ಟಾರ್ಚನ್ನು ಕಲ್ಲಿನ ಮೈಗೆ 10ರಿಂದ 20 ಡಿಗ್ರಿಯಷ್ಟು ಓರೆಯಾಗಿ, ಪಕ್ಕದಿಂದ ಹಾಯಿಸಿ. ಅಡ್ಡಗೀಟುಗಳಿಗೆ ಮೇಲಿನಿಂದ, ಉದ್ದಗೀಟುಗಳಿಗೆ ಪಕ್ಕದಿಂದ, ಅಂತೂ ಎರಡು ಫೋಟೊ ಬೇಕು. ಕೆಳಗಿನಿಂದ ಮಾತ್ರ ಹಾಯಿಸಬೇಡಿ: ಬೆಳಕು ಮೇಲಿನಿಂದ ಬರುತ್ತದೆ ಎಂದೇ ಕಣ್ಣು ನಂಬಿರುವುದರಿಂದ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ.

ಪ್ರಶ್ನೆ: ನನ್ನ ಕ್ಯಾಮೆರಾ ‘ವೆದರ್ ಸೀಲ್ಡ್’. ಕವರ್ ಬೇಕೇ?

ಉತ್ತರ: ಬೇಕು. ಸೀಲ್ ಎಂದರೆ ತುಂತುರು ತಡೆಯುವ ರಬ್ಬರ್ ಅಂಚು, ಜಲನಿರೋಧಕ ಅಲ್ಲ. ಲೆನ್ಸಿಗೂ ಸೀಲ್ ಇಲ್ಲದಿದ್ದರೆ ನೀರು ಮೌಂಟ್ (ಲೆನ್ಸ್ ಕೂರುವ ಜಾಗ) ಮೂಲಕ ಒಳಗೆ ಹೋಗುತ್ತದೆ. ಕೆಲವು ಲೆನ್ಸ್‌ಗಳಿಗೆ ಮುಂದೆ ಫಿಲ್ಟರ್ ಹಾಕಿದ ಮೇಲೆಯೇ ಸೀಲ್ ಪೂರ್ತಿ ಎಂದು ಅವುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಉದ್ದಕ್ಕೆ ಹೊರಬರುವ ಝೂಮ್ ಲೆನ್ಸ್ ಪಂಪಿನಂತೆ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ, ನೆನೆದ ಕೊಳವೆಯನ್ನು ಒರೆಸದೆ ಒಳಗೆ ದೂಡಬೇಡಿ.

ಒಂದು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಾಕು. ತಳದಲ್ಲಿ, ಲೆನ್ಸಿನ ಮುಂದೆ ಮರೆಯಾಗಿ ಹಾಕುವ ಹುಡ್ಡಿಗಿಂತ ಚೂರು ಚಿಕ್ಕ ತೂತು ಕತ್ತರಿಸಿ, ಹುಡ್ ಅದರಿಂದ ಹೊರಬರುವಂತೆ ತೂರಿಸಿ, ರಬ್ಬರ್ ಬ್ಯಾಂಡ್ ಹಾಕಿ. ಚೀಲದ ಬಾಯಿ ಹಿಂದಕ್ಕೆ, ಕೈ ಹಾಕಲು. ಹುಡ್ ಇಲ್ಲದೆ ಮಳೆಯಲ್ಲಿ ಕ್ಯಾಮೆರಾ ಎತ್ತಲೇಬೇಡಿ. ಫೋಟೊ ತೆಗೆಯದ ಹೊತ್ತಿನಲ್ಲಿ ಲೆನ್ಸ್ ನೆಲ ನೋಡುತ್ತಿರಲಿ. ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ನಿಲ್ಲಿ. ಸ್ಟೋನ್‌ಹೆಂಜ್‌ನಂತೆ ಬಯಲಿನಲ್ಲಿ ನಿಂತ ಸ್ಮಾರಕಗಳಲ್ಲಿ ಕೊಡೆಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಲೆನ್ಸಿನ ಮೇಲೆ ಹನಿ ಬಿದ್ದರೆ ಮೊದಲು ಬ್ಲೋವರಿನಿಂದ ಊದಿ, ಉಳಿದದ್ದನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಹೀರಿಸಿ, ಆಮೇಲೆ ಒರೆಸಿ. ಅಂಗಿಯ ಅಂಚು ಬೇಡ. ಮೂರು ಬಟ್ಟೆ ಇರಲಿ, ಒಂದೊಂದೂ ಬೇರೆ ಬೇರೆ ಜಿಪ್ ಚೀಲದಲ್ಲಿ, ಯಾಕೆಂದರೆ ಒಂದು ನೆನೆದರೆ ಉಳಿದವೂ ನೆನೆಯಬಾರದು. 16 ಮಿ.ಮೀ. ಲೆನ್ಸಿನಲ್ಲಿ ಎಫ್ 11 ಇಟ್ಟಾಗ ಒಂದೇ ಹನಿ ಚಿತ್ರದಲ್ಲಿ ಮಸುಕು ಕಲೆಯಾಗಿ ಕೂರುತ್ತದೆ, ಚಿಕ್ಕ ಪರದೆಯಲ್ಲಿ ಅದು ಕಾಣುವುದಿಲ್ಲ. ಪ್ರತಿ ನಾಲ್ಕೈದು ಫೋಟೊಗೊಮ್ಮೆ ಗಾಜನ್ನೇ ನೋಡಿ.

ಪ್ರಶ್ನೆ: ಎಸಿ ಕಾರಿನಿಂದ ಇಳಿದ ತಕ್ಷಣ ಲೆನ್ಸಿಗೆ ಮಂಜು. ಒರೆಸಿದಷ್ಟೂ ಮತ್ತೆ ಬರುತ್ತದೆ.

ಉತ್ತರ: ಒರೆಸಿ ಪ್ರಯೋಜನವಿಲ್ಲ, ಗಾಜು ಬೆಚ್ಚಗಾಗಬೇಕು. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ 80 ಶೇಕಡ ಇದ್ದರೆ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 26. ಎಸಿಯಲ್ಲಿ 22ಕ್ಕೆ ತಣಿದ ಕ್ಯಾಮೆರಾ ಅದಕ್ಕಿಂತ ತಂಪು, ನೀರು ಕಟ್ಟಲೇಬೇಕು. ಕಾರಿನಲ್ಲಿರುವಾಗಲೇ ಕ್ಯಾಮೆರಾವನ್ನು ಬಿಗಿಯಾದ ಜಿಪ್ ಚೀಲದೊಳಗೆ ಹಾಕಿ, ಇಳಿದ ಮೇಲೂ 20ರಿಂದ 30 ನಿಮಿಷ ತೆರೆಯಬೇಡಿ. ಮಂಜು ಕಟ್ಟುವುದಾದರೆ ಚೀಲದ ಮೇಲೆ ಕಟ್ಟಲಿ. ಅಥವಾ ತಲುಪುವ ಅರ್ಧ ಗಂಟೆ ಮೊದಲು ಎಸಿ ನಿಲ್ಲಿಸಿ ಕಿಟಕಿ ಇಳಿಸಿ, ಅದಕ್ಕಿಂತ ಸುಲಭದ ಉಪಾಯ ಇಲ್ಲ. ಮಂಜು ಹಿಡಿದಿರುವಾಗ ಲೆನ್ಸ್ ಬಿಚ್ಚಿದರೆ ಸೆನ್ಸರಿಗೂ ಹಿಡಿಯುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆಯುವವರಿಗೆ ಏನು ಹೇಳುತ್ತೀರಿ?

ಉತ್ತರ: ಪರದೆಯ ಮೇಲೆ ಹನಿ ಬಿದ್ದರೆ ಫೋನ್ ಅದನ್ನೇ ಬೆರಳೆಂದುಕೊಂಡು ತನ್ನಷ್ಟಕ್ಕೆ ಏನೇನೋ ಒತ್ತುತ್ತದೆ, ಶಟರಿಗೆ ವಾಲ್ಯೂಮ್ ಬಟನ್ ಬಳಸಿ. ಕಲ್ಲಿನ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಬೆಳಕನ್ನು ಸ್ವಲ್ಪ ಇಳಿಸಿ. ನೈಟ್ ಮೋಡ್ ಹಲವು ಫೋಟೊಗಳನ್ನು ಬೆರೆಸಿ ಒಂದು ಮಾಡುವುದರಿಂದ ಮಳೆಯ ಎಳೆಗಳನ್ನು ಅಳಿಸಿಹಾಕುತ್ತದೆ, ಮಳೆ ಬೇಕೆಂದರೆ ಅದನ್ನು ಆಫ್ ಮಾಡಿ. ನೀರು, ಧೂಳು ತಡೆಯುವ ಮಟ್ಟ ಐಪಿ68 ಎಂದಿದ್ದರೂ ಅದು ಪ್ರಯೋಗಾಲಯದ ಶುದ್ಧ ನೀರಿನ ಲೆಕ್ಕ, ಹೊಸ ಫೋನಿನ ಲೆಕ್ಕ. ಒಮ್ಮೆ ಕೆಳಗೆ ಬಿದ್ದು ಅಂಚು ಬಿರುಕು ಬಿಟ್ಟ ಫೋನಿಗೆ ಅದು ಅನ್ವಯಿಸದು. ಚಾರ್ಜಿಂಗ್ ತೂತು ಪೂರ್ತಿ ಒಣಗದೆ ಚಾರ್ಜಿಗೆ ಹಾಕಬೇಡಿ.

ಪ್ರಶ್ನೆ: ಅಂಗಳದ ನೀರಿನಲ್ಲಿ ಬಿದ್ದ ಗೋಪುರದ ಪ್ರತಿಬಿಂಬ ಮಸುಕಾಗಿ ಬರುತ್ತದೆ. ನೀರಿನ ಅಂಚಿಗೇ ಫೋಕಸ್ ಮಾಡಿದ್ದೆ.

ಉತ್ತರ: ಅದೇ ಕಾರಣ. ಪ್ರತಿಬಿಂಬ ಇರುವುದು ನೀರಿನ ಮೈಮೇಲಲ್ಲ. ಗೋಪುರ 30 ಮೀಟರ್ ದೂರ ಇದ್ದರೆ ನೀರಿನಲ್ಲಿ ಕಾಣುವ ಗೋಪುರಕ್ಕೂ 30 ಮೀಟರಿಗೇ ಫೋಕಸ್ ಆಗಬೇಕು. ನೀರಿನ ಅಂಚಿನ ಕಲ್ಲೂ ಸ್ಪಷ್ಟ ಬೇಕಾದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ., ಎಫ್ 11 ಇಟ್ಟು 1.75 ಮೀಟರಿಗೆ ಫೋಕಸ್ ಮಾಡಿ. ಸುಮಾರು 90 ಸೆಂ.ಮೀ.ನಿಂದ ಕೊನೆಯ ತನಕ ಸ್ಪಷ್ಟ ಸಿಗುತ್ತದೆ.

ಕ್ಯಾಮೆರಾ ಎಷ್ಟು ತಗ್ಗಿದರೆ ಅಷ್ಟು ಒಳ್ಳೆಯದು. ನೇರ ಮೇಲಿನಿಂದ ನೋಡಿದರೆ ನೀರು ಬಿದ್ದ ಬೆಳಕಿನ ನೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ, ನೀರಿನ ಮೈಗೆ 10 ಡಿಗ್ರಿಯಷ್ಟು ತಗ್ಗಿ ನೋಡಿದರೆ ಮೂರನೇ ಒಂದು ಪಾಲು. ಒಂದು ಮೀಟರ್ ಅಗಲದ ಗುಂಡಿಯೂ ಆಗ ಕೊಳದಂತೆ ಕಾಣುತ್ತದೆ. ಮೊಬೈಲಾದರೆ ತಲೆಕೆಳಗು ಮಾಡಿ, ಲೆನ್ಸ್ ನೀರಿಗೆ ಹತ್ತಿರ ಬರುತ್ತದೆ. ಪೋಲರೈಸರ್ ಇದ್ದರೆ ಬಿಚ್ಚಿಡಿ, ಅದು ಪ್ರತಿಬಿಂಬವನ್ನೂ ಹೊಳಪೆಂದೇ ಅಳಿಸುತ್ತದೆ.

ಪ್ರಶ್ನೆ: ಕ್ಯಾಮೆರಾ ಪೂರ್ತಿ ನೆನೆದರೆ ಅಕ್ಕಿಯಲ್ಲಿ ಹುಗಿದಿಡಬೇಕೇ?

ಉತ್ತರ: ಅಕ್ಕಿಯ ಧೂಳು, ನುಚ್ಚು ಬಟನ್ನುಗಳ ಸಂದಿಗೆ ಹೋಗುತ್ತದೆ, ಹೀರುವುದೂ ಅಷ್ಟಕ್ಕಷ್ಟೆ. ಮೊದಲು ಸ್ವಿಚ್ ಆಫ್, ಬ್ಯಾಟರಿ ಹೊರಗೆ, ಕಾರ್ಡ್ ಹೊರಗೆ. ‘ಕೆಲಸ ಮಾಡುತ್ತದೆಯೋ ನೋಡೋಣ’ ಎಂದು ಆನ್ ಮಾಡುವುದರಿಂದಲೇ ಹೆಚ್ಚು ಕ್ಯಾಮೆರಾಗಳು ಕೆಡುವುದು, ಒಳಗೆ ನೀರಿರುವಾಗ ವಿದ್ಯುತ್ ಹರಿದರೆ ಸರ್ಕ್ಯೂಟ್ ಸುಡುತ್ತದೆ. ಹೊರಗೆ ಒರೆಸಿ, ಮುಚ್ಚಳಗಳನ್ನು ತೆರೆದು, ಫ್ಯಾನಿನ ಗಾಳಿಯಲ್ಲಿ ಒಂದೆರಡು ದಿನ ಇಡಿ. ಹೇರ್ ಡ್ರೈಯರಿನ ಬಿಸಿಗಾಳಿ ಬೇಡ. ನಂತರ ಸಿಲಿಕಾ ಜೆಲ್ ಜತೆ ಮುಚ್ಚಿದ ಡಬ್ಬಿಯಲ್ಲಿ, ಆರ್ದ್ರತೆ 40ರಿಂದ 50 ಶೇಕಡ ಇರುವಂತೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಮಳೆಗಾಲದಲ್ಲಿ ಫಂಗಸ್ ಹಿಡಿಯುತ್ತದೆ.

ಪ್ರಶ್ನೆ: ಟ್ರೈಪಾಡ್ ಜಾರುತ್ತದೆ, ಮೊನಚು ಕಾಲು ಹಾಕಲೇ?

ಉತ್ತರ: ಮಣ್ಣಿನ ಮೇಲೆ ಸರಿ, ಸ್ಮಾರಕದ ಕಲ್ಲಿನ ಮೇಲೆ ಬೇಡವೇ ಬೇಡ, ಗೀರು ಬೀಳುತ್ತದೆ. ಅಲ್ಲಿ ರಬ್ಬರ್ ಕಾಲೇ ಸರಿ, ಪಾಚಿಯಿಲ್ಲದ ಜಾಗ ಹುಡುಕಿ. ಕೆಸರಿನಲ್ಲಿ ತೆಳುವಾದ ಕೊನೆಯ ಭಾಗವನ್ನೇ ಮೊದಲು ಪೂರ್ತಿ ಎಳೆಯಿರಿ, ಲಾಕ್ ಕೆಸರಿನಿಂದ ಮೇಲಿರುತ್ತದೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಟ್ರೈಪಾಡ್ ಅಲ್ಲೇ ಬಿಟ್ಟು ಕಟ್ಟಡಕ್ಕೋ ಕಾರಿಗೋ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ.

ಪ್ರಶ್ನೆ: ಸ್ಮಾರಕದ ಹಿಂದೆ ಕಾಮನಬಿಲ್ಲು ಬರುವಂತೆ ಮೊದಲೇ ಲೆಕ್ಕ ಹಾಕಿ ನಿಲ್ಲಬಹುದೇ?

ಉತ್ತರ: ಮಳೆ ಯಾವಾಗ ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಲೆಕ್ಕ ಹಾಕಬಹುದು. ಬಿಲ್ಲು ಯಾವಾಗಲೂ ಸೂರ್ಯನ ಎದುರು ದಿಕ್ಕಿಗೆ, ನಿಮ್ಮ ತಲೆಯ ನೆರಳನ್ನು ನಡುವಾಗಿಟ್ಟುಕೊಂಡು 42 ಡಿಗ್ರಿ ತ್ರಿಜ್ಯದ ವೃತ್ತದಲ್ಲಿ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಸಮನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲ, ಮಧ್ಯಾಹ್ನ ಕಾಯುವುದು ದಂಡ. ಬೆಳಿಗ್ಗೆ ಪಶ್ಚಿಮದಲ್ಲಿ, ಸಂಜೆ ಪೂರ್ವದಲ್ಲಿ. ಕಾಂಬೋಡಿಯಾದ ಅಂಗ್ಕೋರ್ ವಾಟ್ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆ ಮಳೆ ಪೂರ್ವಕ್ಕೆ ಸರಿದು ಬಿಸಿಲು ಬಂದರೆ ಎದುರಿನ ಗೋಪುರಗಳಿಗೆ ಬೆಳಕು, ಹಿಂದೆ ಬಿಲ್ಲು. ಪೂರ್ವಕ್ಕೆ ಮುಖ ಮಾಡಿದ ಕಟ್ಟಡಕ್ಕೆ ಬೆಳಗಿನ ಮಳೆಯೇ ಆಗಬೇಕು.

ಬಿಲ್ಲಿನ ಎರಡೂ ಬುಡ ಒಂದೇ ಚೌಕಟ್ಟಿನಲ್ಲಿ ಬೇಕಾದರೆ ಫುಲ್ ಫ್ರೇಮಿನಲ್ಲಿ 20 ಮಿ.ಮೀ. ಕೂಡ ಬಿಗಿ, 16 ಅಥವಾ 18 ಇರಲಿ. ಇಲ್ಲಿ ಪೋಲರೈಸರನ್ನು ಮತ್ತೆ ಹಾಕಿ, ಕಣ್ಣು ತೆಗೆಯದೆ ತಿರುಗಿಸಿ. ಒಂದು ಕಡೆ ಬಿಲ್ಲಿನ ನೆತ್ತಿ ಪೂರ್ತಿ ಮಾಯವಾಗುತ್ತದೆ. ಅಲ್ಲಿಂದ ಕಾಲು ಸುತ್ತು ತಿರುಗಿಸಿ ನಿಲ್ಲಿಸಿ.